ಒತ್ತಕ್ಷರ ಕತ್ತರಿಸಿಹೋದ ಪುಟಗಳು

ಕನ್ನಡ ವಿಕಿಪೀಡಿಯದಲ್ಲಿ ನಾನು ಬರೆದ ಲೇಖನಗಳು ಹೆಚ್ಚೇನಿಲ್ಲ. ಅಲ್ಲಿ ವರ್ಷಗಟ್ಟಲೆ ಮಾಡಿದ್ದು ಬೇರೆಯದೇ ಕೆಲಸ. ಯಾರೋ ಶ್ರದ್ಧೆಯಿಂದ ಬರೆದ ಪುಟ ಒಂದು ಬ್ರೌಸರಿನಲ್ಲಿ ನೆಟ್ಟಗೆ ಕಾಣಿಸಿ ಇನ್ನೊಂದರಲ್ಲಿ ಕೆಟ್ಟು ಕಾಣಿಸಿದರೆ, ಯಾಕೆ ಹಾಗಾಯಿತೆಂದು ಹುಡುಕಿ ಸರಿಮಾಡುವುದು. ನಾನು ಕಂಪ್ಯೂಟರ್ ಓದಿದವಳಲ್ಲ. ಹಾಸನ ಜಿಲ್ಲೆಯ ಒಂದು ಪದವಿ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತಿದ್ದವಳು. ನಮ್ಮ ಮಕ್ಕಳು ಕನ್ನಡದ ಬಗ್ಗೆ ಒಂದು ತಪ್ಪು ತೀರ್ಮಾನಕ್ಕೆ ಬಂದದ್ದನ್ನು ಕಣ್ಣಾರೆ ಕಂಡ ಮೇಲೆ ಈ ಕೆಲಸಕ್ಕೆ ಕೈಹಾಕಿದೆ.

ಅದು 2008. ಆಗಲೂ ಎಷ್ಟೋ ಕನ್ನಡ ತಾಣಗಳನ್ನು ಓದಬೇಕಾದರೆ ಆಯಾ ತಾಣದ ಫಾಂಟನ್ನೇ ಇಳಿಸಿಕೊಳ್ಳಬೇಕಿತ್ತು. ಕಚೇರಿಯ ಕಡತಗಳೆಲ್ಲ ಹಳೆಯ ಎನ್‌ಕೋಡಿಂಗಿನಲ್ಲಿ ಇದ್ದವು. ಅವನ್ನು ಇನ್ನೊಂದು ಯಂತ್ರಕ್ಕೆ ಒಯ್ದರೆ ಇಂಗ್ಲಿಷ್ ಅಕ್ಷರಗಳ ಕಸವಾಗುತ್ತಿದ್ದವು. ಹುಡುಕಿದರೆ ಸಿಗುವಂತೆ, ಯೂನಿಕೋಡಿನಲ್ಲಿ, ಯಾರು ಬೇಕಾದರೂ ಓದಿ ತಿದ್ದುವಂತೆ ಕನ್ನಡದ ತಿಳಿವಳಿಕೆ ಒಂದು ಕಡೆ ಸೇರುತ್ತಿದ್ದದ್ದು 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯದಲ್ಲಿ. ಹಾಗಾಗಿ ಅಂತಿಮ ಪದವಿಯ ಮಕ್ಕಳಿಗೆ ಸೆಮಿನಾರಿಗೆ ಅಲ್ಲಿಂದ ಓದಿಕೊಂಡು ಬನ್ನಿ ಎಂದು ಹೇಳಿದ್ದೆ.

ಮನೆಯಲ್ಲಿ ನನ್ನ ಬಳಿ ಇದ್ದದ್ದು ಉಬುಂಟು ಲಿನಕ್ಸ್ ಹಾಕಿದ ಕಂಪ್ಯೂಟರ್, ಅದರಲ್ಲಿ ಆಗಷ್ಟೇ ಬಂದಿದ್ದ ಫೈರ್‌ಫಾಕ್ಸ್ 3. ಕಾಲೇಜಿನ ಲ್ಯಾಬಿನಲ್ಲಿ ವಿಂಡೋಸ್ ಎಕ್ಸ್‌ಪಿ, ಅದರ ಜೊತೆಗೇ ಬಂದ ಇಂಟರ್ನೆಟ್ ಎಕ್ಸ್‌ಪ್ಲೋರರ್ 6. ನಾನು ಮನೆಯಲ್ಲಿ ಓದಿ ಮೆಚ್ಚಿದ್ದ ಪುಟವನ್ನು ಲ್ಯಾಬಿನಲ್ಲಿ ಮಕ್ಕಳು ತೆರೆದಾಗ ಎಡಭಾಗ ಮಾತ್ರ ಮೇಲಿತ್ತು. ಬಲಭಾಗದ ಅಂಕಣ ಕೆಳಗೆಲ್ಲೋ ಜಾರಿ ಬಿದ್ದಿತ್ತು. ತಲೆಬರಹದ ಬಣ್ಣದ ಪಟ್ಟಿಯಲ್ಲಿ ಒತ್ತಕ್ಷರಗಳ ಅರ್ಧ ಭಾಗವೇ ಇರಲಿಲ್ಲ. ನಡುವೆ ಒಂದು ಪ್ಯಾರಾ ಇಡೀ ಮಾಯವಾಗಿತ್ತು.

“ಕನ್ನಡ ಕಂಪ್ಯೂಟರಲ್ಲಿ ಹಿಂಗೇ ಬರೋದು ಮೇಡಂ. ಇಂಗ್ಲಿಷಲ್ಲೇ ಓದ್ಕೊಂಡ್ ಬಂದ್ಬಿಡ್ತೀವಿ” ಎಂದಳು ಒಬ್ಬ ಹುಡುಗಿ. ಅವಳ ದನಿಯಲ್ಲಿ ದೂರು ಇರಲಿಲ್ಲ. ಹೀಗೇ ಇರುವುದೆಂದು ಅವಳು ಒಪ್ಪಿಕೊಂಡುಬಿಟ್ಟಿದ್ದಳು. ನನಗೆ ತಡೆದುಕೊಳ್ಳಲು ಆಗದೇ ಹೋದದ್ದು ಅದು.

ಮೊದಲು ಬೇರೆ ಮಾಡಬೇಕಿದ್ದದ್ದು ಯಂತ್ರದ ತೊಂದರೆ ಯಾವುದು, ಪುಟದ ತೊಂದರೆ ಯಾವುದು ಎಂಬುದನ್ನು. ಎಕ್ಸ್‌ಪಿಯಲ್ಲಿ ತುಂಗಾ ಎಂಬ ಕನ್ನಡ ಫಾಂಟ್ ಇತ್ತು. ಆದರೆ ಅಕ್ಷರಗಳು ಕೂಡಿಕೊಂಡು ಗುಣಿತ, ಒತ್ತು ಸರಿಯಾಗಿ ಮೂಡಬೇಕಾದರೆ ಕಂಟ್ರೋಲ್ ಪ್ಯಾನೆಲ್ಲಿನಲ್ಲಿ ಭಾಷೆಗಳ ವಿಭಾಗಕ್ಕೆ ಹೋಗಿ ‘ಕಾಂಪ್ಲೆಕ್ಸ್ ಸ್ಕ್ರಿಪ್ಟ್’ ಕಡತಗಳನ್ನು ಬೇರೆಯಾಗಿ ಸೇರಿಸಬೇಕಿತ್ತು. ಅದಕ್ಕೆ ಎಕ್ಸ್‌ಪಿಯ ಸಿ.ಡಿ. ಬೇಕು. ಲ್ಯಾಬಿನ ಯಂತ್ರಗಳಿಗೆ ಯಾವಾಗಲೋ ಒಮ್ಮೆ ಅದನ್ನು ಸೇರಿಸಿದ್ದರು. ಮಕ್ಕಳ ಊರುಗಳ ಸೈಬರ್ ಸೆಂಟರುಗಳಲ್ಲಿ ಸೇರಿಸಿರಲಿಲ್ಲ. ಅಲ್ಲಿ ಕನ್ನಡ ಪುಟ ತೆರೆದರೆ ಸಾಲುಸಾಲು ಚೌಕಗಳು ಮಾತ್ರ. ಸಿ.ಡಿ. ಎಲ್ಲಿದೆಯೆಂದು ಕೇಳಿದರೆ ಸೆಂಟರಿನವರಿಗೂ ಗೊತ್ತಿರುತ್ತಿರಲಿಲ್ಲ.

ಈ ಚೌಕಗಳ ತೊಂದರೆಯನ್ನು ಆಗ ವಿಕಿಯ ಒಳಗಿಂದ ಸರಿಮಾಡಲು ಬರುತ್ತಿರಲಿಲ್ಲ. ಸಹಾಯದ ಪುಟ ಬರೆಯಬಹುದಿತ್ತು. ಆದರೆ ಕನ್ನಡ ಚೌಕವಾಗಿ ಕಾಣುವವನಿಗೆ ಕನ್ನಡದಲ್ಲಿ ಬರೆದ ಸಹಾಯವೂ ಚೌಕವೇ. ಇಂಗ್ಲಿಷ್ ವಿಕಿಪೀಡಿಯದಲ್ಲಿ ಭಾರತೀಯ ಲಿಪಿಗಳಿಗೆಂದೇ ಅಂಥ ಒಂದು ಸಹಾಯಪುಟ ಇತ್ತು. ಅದರ ಕೊಂಡಿಯನ್ನು ಇಂಗ್ಲಿಷಿನಲ್ಲೇ ಎಲ್ಲರ ಕಣ್ಣಿಗೆ ಬೀಳುವಂತೆ ಇಡುವುದು, ಕನ್ನಡದ ಸೂಚನೆಯನ್ನು ಚಿತ್ರವಾಗಿ ಮಾಡಿ ಹಾಕುವುದು, ಇಷ್ಟೇ ಸಾಧ್ಯವಿದ್ದದ್ದು. ಕನ್ನಡ ಓದಲು ಬಂದವನಿಗೆ ಕನ್ನಡ ಸಿಗಬೇಕಾದರೆ ಮೊದಲು ಇಂಗ್ಲಿಷ್ ಓದಿಸಬೇಕಿತ್ತು. ಆ ಅವಮಾನ ಆಗ ನನ್ನನ್ನು ಬಹಳ ಕಾಡಿತು, ಈಗಲೂ ನೆನೆದರೆ ನೋವಾಗುತ್ತದೆ.

ಯಂತ್ರದ ಪಾಲನ್ನು ಹೀಗೆ ಬದಿಗಿಟ್ಟ ಮೇಲೆ ಉಳಿದದ್ದು ಪುಟದ ಪಾಲು. ಇಲ್ಲಿ ನನ್ನ ನಿಜವಾದ ಕಷ್ಟ ಶುರುವಾಯಿತು.

ನಮ್ಮ ವಿಕಿಯ ಪೆಟ್ಟಿಗೆಗಳು, ಪಟ್ಟಿಗಳು, ಅಂಕಣಗಳು ಬಹುಪಾಲು ಇಂಗ್ಲಿಷ್ ವಿಕಿಯಿಂದ ತಂದ ಟೆಂಪ್ಲೇಟುಗಳು. ಅದರಲ್ಲಿ ತಪ್ಪೇನಿಲ್ಲ, ಕೆಲಸ ಮಾಡುವ ಕೈಗಳು ಕಡಿಮೆ ಇದ್ದಾಗ ಸಿದ್ಧವಾಗಿರುವುದನ್ನು ತರುವುದೇ ಸರಿ. ಆದರೆ ಅವುಗಳ ಅಳತೆಯೂ ಇಂಗ್ಲಿಷಿನದೇ ಆಗಿತ್ತು. ಬೇರೆಯವರ ಮೈಗೆ ಹೊಲಿದ ಅಂಗಿ ತೊಟ್ಟಂತೆ ಕನ್ನಡ ಅದರೊಳಗೆ ಇರುಕಿಕೊಂಡಿತ್ತು. ಇಂಗ್ಲಿಷಿನ ಸಾಲಿಗೆ ಕೆಳಗೆ ಬೇಕಾದದ್ದು ‘ಜಿ’, ‘ವೈ’ ಅಕ್ಷರಗಳ ಬಾಲಕ್ಕೆ ಆಗುವಷ್ಟು ಜಾಗ. ಕನ್ನಡದ ಸಾಲು ಹಾಗಲ್ಲ. ‘ರಾಷ್ಟ್ರ’ ಎಂದು ಬರೆದರೆ ಷಕಾರದ ಕೆಳಗೆ ಎರಡು ಒತ್ತುಗಳಿಗೆ ಜಾಗ ಬೇಕು. ‘ಸ್ವಾತಂತ್ರ್ಯ’ ಎಂದರೂ ಅಷ್ಟೆ. ಇಪ್ಪತ್ತು ಪಿಕ್ಸೆಲ್ ಎತ್ತರದ ಪಟ್ಟಿ ಹಾಕಿ, ಹೊರಗೆ ಉಳಿದದ್ದನ್ನು ಅಡಗಿಸು ಎಂದು ಬರೆದಿದ್ದರೆ ಇಂಗ್ಲಿಷಿಗೆ ಏನೂ ಆಗುವುದಿಲ್ಲ. ಕನ್ನಡದ ಒತ್ತುಗಳು ಕತ್ತರಿಸಿಹೋಗುತ್ತವೆ. ಸಾಲದ್ದಕ್ಕೆ ತುಂಗಾ ಫಾಂಟಿನಲ್ಲಿ ಅದೇ ಅಳತೆಯ ಇಂಗ್ಲಿಷ್ ಅಕ್ಷರಕ್ಕಿಂತ ಕನ್ನಡ ಸಣ್ಣದಾಗಿ ಕಾಣುತ್ತಿತ್ತು. ಓದಲಾಗುವುದಿಲ್ಲವೆಂದು ಯಾರಾದರೂ ಅಕ್ಷರ ದೊಡ್ಡದು ಮಾಡುತ್ತಿದ್ದರು, ಆಗ ಕತ್ತರಿಸುವುದು ಇನ್ನೂ ಹೆಚ್ಚಾಗುತ್ತಿತ್ತು. ಎಕ್ಸ್‌ಪಿಯ ತುಂಗಾದಲ್ಲಿ ದಪ್ಪಕ್ಷರಕ್ಕೆ ಬೇರೆ ಅಚ್ಚು ಇಲ್ಲದ್ದರಿಂದ ತಲೆಬರಹವನ್ನು ದಪ್ಪ ಮಾಡಿದರೆ ಒತ್ತು, ಸೊನ್ನೆ ಎಲ್ಲ ಕಲಸಿ ಮಸಿಯಂತಾಗುತ್ತಿತ್ತು.

ಪೆಟ್ಟಿಗೆಯ ಎತ್ತರದ ವಿಷಯ ಇದಕ್ಕಿಂತ ತೊಡಕಿನದು. ಇದನ್ನು ಅರ್ಥ ಮಾಡಿಕೊಳ್ಳಲು ನನಗೆ ಬಹಳ ಕಾಲ ಹಿಡಿಯಿತು, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಪೆಟ್ಟಿಗೆಗೆ 200 ಪಿಕ್ಸೆಲ್ ಎತ್ತರ ಎಂದು ಬರೆದಿದೆ ಎಂದುಕೊಳ್ಳಿ. ಇಂಗ್ಲಿಷಿನಲ್ಲಿ ಎಂಟು ಸಾಲಿಗೆ ಮುಗಿಯುವ ವಿಷಯ ಕನ್ನಡದಲ್ಲಿ ಹನ್ನೊಂದು ಸಾಲಾಗಿ, ಸಾಲಿನ ಎತ್ತರವೂ ಹೆಚ್ಚಾಗಿ, 200ರೊಳಗೆ ಹಿಡಿಸುವುದಿಲ್ಲ. ಫೈರ್‌ಫಾಕ್ಸ್ ನಿಯಮ ಪಾಲಿಸುತ್ತದೆ. ಪೆಟ್ಟಿಗೆಯನ್ನು 200ಕ್ಕೇ ನಿಲ್ಲಿಸಿ, ಉಳಿದ ಬರಹವನ್ನು ಕೆಳಗಿನ ಪೆಟ್ಟಿಗೆಯ ಮೇಲೆ ಚೆಲ್ಲುತ್ತದೆ. ಎರಡು ಪೆಟ್ಟಿಗೆಯ ಅಕ್ಷರಗಳು ಒಂದರ ಮೇಲೊಂದು ಕೂತು ಏನೂ ಓದಲಾಗುವುದಿಲ್ಲ. ಎಕ್ಸ್‌ಪ್ಲೋರರ್ 6 ಹಾಗಲ್ಲ. ಎತ್ತರವೆಂದು ಕೊಟ್ಟದ್ದನ್ನು ಅದು ಕನಿಷ್ಠ ಎತ್ತರವೆಂದು ತಿಳಿದು, ಬರಹ ಹೆಚ್ಚಾದರೆ ಪೆಟ್ಟಿಗೆಯನ್ನೇ ಹಿಗ್ಗಿಸುತ್ತದೆ. ನಿಯಮದ ಪ್ರಕಾರ ಅದು ತಪ್ಪು, ಕಣ್ಣಿಗೆ ಮಾತ್ರ ಸರಿ. ಸರಿಯಾದ ದಾರಿಯೆಂದರೆ ಕನಿಷ್ಠ ಎತ್ತರ ಎಂದೇ ಬರೆಯುವುದು. ಆ ಸೂಚನೆ ಎಕ್ಸ್‌ಪ್ಲೋರರ್ 6ಕ್ಕೆ ತಿಳಿಯುತ್ತಲೇ ಇರಲಿಲ್ಲ.

ಅಗಲದ ವಿಷಯದಲ್ಲೂ ಇದೇ ಪಾಡು. ಕನ್ನಡದಲ್ಲಿ ಪದಕ್ಕೆ ಪದ ಸೇರಿ ಉದ್ದವಾಗುತ್ತದೆ. ‘ವಿಧಾನಸಭಾಕ್ಷೇತ್ರಗಳು’ ಎಂಬುದು ಒಂದೇ ಪದ. ಅದನ್ನು ಎಲ್ಲಿ ಮುರಿಯಬೇಕೆಂದು ಬ್ರೌಸರಿಗೆ ಗೊತ್ತಿಲ್ಲ. ಕಿರಿದಾದ ಅಂಕಣದಲ್ಲಿ ಫೈರ್‌ಫಾಕ್ಸ್ ಆ ಪದವನ್ನು ಅಂಚಿನಾಚೆ ಬಿಡುತ್ತಿತ್ತು. ಎಕ್ಸ್‌ಪ್ಲೋರರ್ ಅಂಕಣವನ್ನೇ ಅಗಲ ಮಾಡುತ್ತಿತ್ತು, ಅಗಲವಾದ ಅಂಕಣಕ್ಕೆ ಪಕ್ಕದಲ್ಲಿ ಜಾಗ ಸಾಲದೆ ಅದು ಕೆಳಕ್ಕೆ ಬೀಳುತ್ತಿತ್ತು. ಇದರ ಜೊತೆಗೆ, ಬದಿಗೆ ತೇಲಿಸಿದ ಪೆಟ್ಟಿಗೆಗೆ ಅದೇ ಬದಿಯಲ್ಲಿ ಹತ್ತು ಪಿಕ್ಸೆಲ್ ಅಂಚು ಬಿಟ್ಟರೆ ಎಕ್ಸ್‌ಪ್ಲೋರರ್ 6 ಅದನ್ನು ಇಪ್ಪತ್ತು ಮಾಡುತ್ತಿತ್ತು. ಇದು ಜಗತ್ತಿನ ವಿನ್ಯಾಸಕಾರರಿಗೆಲ್ಲ ಗೊತ್ತಿದ್ದ ದೋಷ, ಪರಿಹಾರವೂ ಒಂದೇ ಸಾಲಿನದು. ಹಾಸನದಲ್ಲಿ ಕೂತಿದ್ದ ನನಗೆ ಅದು ಗೊತ್ತಾಗಲು ತಿಂಗಳುಗಳೇ ಬೇಕಾದವು.

ಎಲ್ಲಕ್ಕಿಂತ ಹಿಂಸೆ ಕೊಟ್ಟದ್ದು ಮಾಯವಾಗುವ ಪ್ಯಾರಾ. ಪುಟ ತೆರೆದಾಗ ಪ್ಯಾರಾ ಇರುವುದಿಲ್ಲ. ಮೌಸಿನಿಂದ ಆ ಖಾಲಿ ಜಾಗವನ್ನು ಎಳೆದು ಆಯ್ಕೆ ಮಾಡಿದರೆ, ಇಲ್ಲವೇ ಪುಟವನ್ನು ಮೇಲೆ ಕೆಳಗೆ ಸರಿಸಿದರೆ, ಬರಹ ಮೂಡುತ್ತದೆ. ಇನ್ನೊಬ್ಬರನ್ನು ಕರೆದು ತೋರಿಸುವ ಹೊತ್ತಿಗೆ ಎಲ್ಲ ಸರಿಯಾಗಿರುತ್ತದೆ. ಲ್ಯಾಬ್ ನೋಡಿಕೊಳ್ಳುತ್ತಿದ್ದ ಹುಡುಗನನ್ನು ಎಷ್ಟೋ ಸಲ ಕರೆದಿದ್ದೇನೆ. “ಸರಿ ಇದ್ಯಲ್ಲ ಮೇಡಂ” ಎಂದು ಹೋಗಿಬಿಡುತ್ತಿದ್ದ. ನನ್ನ ಕಣ್ಣಿನ ಮೇಲೇ ನನಗೆ ಅನುಮಾನ ಬಂದ ದಿನಗಳಿವೆ. ತೇಲುವ ಪೆಟ್ಟಿಗೆಯ ಪಕ್ಕದ ಬರಹಕ್ಕೆ ಎಕ್ಸ್‌ಪ್ಲೋರರ್ 6 ತನ್ನ ಒಳಲೆಕ್ಕದಲ್ಲಿ ಸರಿಯಾಗಿ ಜಾಗ ಗುರುತಿಸದಿದ್ದಾಗ ಹೀಗಾಗುತ್ತದೆ; ಆ ಭಾಗಕ್ಕೆ ಒಂದು ಅಗಲವನ್ನೋ ಶೇಕಡ ಒಂದರಷ್ಟು ಎತ್ತರವನ್ನೋ ಕೊಟ್ಟರೆ ಅದು ಲೆಕ್ಕ ಸರಿಮಾಡಿಕೊಳ್ಳುತ್ತದೆ. ಈ ಪರಿಹಾರ ಓದಿದಾಗ ನಂಬಿಕೆ ಬರಲಿಲ್ಲ. ಹಾಕಿ ನೋಡಿದೆ, ಪ್ಯಾರಾ ನಿಂತಿತು. ಆ ಸಂಜೆ ಲ್ಯಾಬಿನಲ್ಲಿ ಒಬ್ಬಳೇ ಕೂತು ಅತ್ತಿದ್ದು ನೆನಪಿದೆ.

ಪರೀಕ್ಷೆ ಮಾಡುವುದೇ ಒಂದು ದೊಡ್ಡ ಪಾಡಾಗಿತ್ತು. ಮನೆಯ ಲಿನಕ್ಸಿನಲ್ಲಿ ವಿಂಡೋಸಿನ ತಂತ್ರಾಂಶಗಳನ್ನು ಓಡಿಸುವ ವೈನ್ ಮೂಲಕ ಎಕ್ಸ್‌ಪ್ಲೋರರ್ ಓಡಿಸಿ ನೋಡಿದೆ, ಅಲ್ಲಿ ಕನ್ನಡ ಅಕ್ಷರಗಳು ಕೂಡುತ್ತಲೇ ಇರಲಿಲ್ಲ. ಕಾಲೇಜಿನ ಕೆಲವು ಯಂತ್ರಗಳಿಗೆ ಎಕ್ಸ್‌ಪ್ಲೋರರ್ 7 ಹಾಕಿದರು. ಅದನ್ನು ಹಾಕಿದರೆ 6 ಹೋಗಿಬಿಡುತ್ತದೆ, ಎರಡನ್ನೂ ಒಂದೇ ವಿಂಡೋಸಿನಲ್ಲಿ ಇಟ್ಟುಕೊಳ್ಳಲು ಬರುತ್ತಿರಲಿಲ್ಲ. ಹಾಗಾಗಿ 6 ಇದ್ದ ಯಂತ್ರ ಎಲ್ಲಿದೆಯೆಂದು ಹುಡುಕಿಕೊಂಡು ಹೋಗಬೇಕಾಯಿತು. ಫೈರ್‌ಫಾಕ್ಸಿನಲ್ಲಿ ಫೈರ್‌ಬಗ್ ಎಂಬ ಸಲಕರಣೆ ಇತ್ತು. ಯಾವ ಪೆಟ್ಟಿಗೆ ಎಲ್ಲಿಂದ ಎಲ್ಲಿಯವರೆಗೆ ಎಂದು ಅದು ಗೆರೆ ಎಳೆದು ತೋರಿಸುತ್ತಿತ್ತು. ಲ್ಯಾಬಿನ ಎಕ್ಸ್‌ಪ್ಲೋರರಿನಲ್ಲಿ ಅಂಥದ್ದು ಇರಲಿಲ್ಲ. ನನ್ನ ಪ್ರಯೋಗಪುಟದಲ್ಲಿ ಪ್ರತಿ ಪೆಟ್ಟಿಗೆಗೂ ಬೇರೆ ಬೇರೆ ಹಿನ್ನೆಲೆ ಬಣ್ಣ ಕೊಟ್ಟು, ಯಾವ ಬಣ್ಣ ಎಲ್ಲಿ ಸೇರಿಕೊಂಡಿದೆ ಎಂದು ನೋಡುತ್ತಿದ್ದೆ. ಅಂಚಿಗೆ ಗೆರೆ ಹಾಕಿದರೆ ಗೆರೆಯ ದಪ್ಪವೇ ಅಗಲಕ್ಕೆ ಸೇರಿ ಪೆಟ್ಟಿಗೆ ಇನ್ನೆಲ್ಲೋ ಬೀಳುತ್ತಿತ್ತು, ಅದಕ್ಕೇ ಬಣ್ಣ. ಕಾಲೇಜಿನಲ್ಲಿ ಕಂಡದ್ದನ್ನು ನೋಟ್‌ಬುಕ್ಕಿನಲ್ಲಿ ಬಿಡಿಸಿಕೊಂಡು ಮನೆಗೆ ಬಂದು, ಬದಲಾವಣೆ ಮಾಡಿ, ಮಾರನೆಯ ದಿನ ಮತ್ತೆ ಲ್ಯಾಬಿಗೆ ಹೋಗಿ ನೋಡುವುದು. ಕರೆಂಟು ಇಲ್ಲದ ದಿನ ಅದೂ ಇಲ್ಲ.

ಇದೆಲ್ಲ ಒಬ್ಬಳದೇ ತಾಣವಾಗಿದ್ದರೆ ಸಹಿಸಬಹುದಿತ್ತು. ವಿಕಿ ಎಲ್ಲರದು. ಎಕ್ಸ್‌ಪ್ಲೋರರಿಗೆಂದು ನಾನು ಮಾಡಿದ ಬದಲಾವಣೆ ಫೈರ್‌ಫಾಕ್ಸ್ ಬಳಸುವ ಇನ್ನೊಬ್ಬರ ಪರದೆಯಲ್ಲಿ ಅನಗತ್ಯವಾಗಿ ಕಾಣುತ್ತಿತ್ತು, ಒಮ್ಮೊಮ್ಮೆ ನಿಜಕ್ಕೂ ಕೆಡಿಸುತ್ತಿತ್ತು. ಅವರು ಒಳ್ಳೆಯ ಮನಸ್ಸಿನಿಂದಲೇ ಅದನ್ನು ರದ್ದು ಮಾಡುತ್ತಿದ್ದರು. ಪುಟದ ಇತಿಹಾಸ ತೆರೆದರೆ ನನ್ನ ಹೆಸರು, ಅವರ ಹೆಸರು, ಮತ್ತೆ ನನ್ನದು. ಇಬ್ಬರೂ ತಮ್ಮ ಕಣ್ಣಿಗೆ ಕಂಡದ್ದನ್ನೇ ಹೇಳುತ್ತಿದ್ದೆವು, ಇಬ್ಬರ ಮಾತೂ ನಿಜವಾಗಿತ್ತು. ನೂರಾರು ಲೇಖನ ಬರೆದಿದ್ದ ಹಿರಿಯ ಸದಸ್ಯರೊಬ್ಬರು ಒಮ್ಮೆ ಚರ್ಚೆಯ ಪುಟದಲ್ಲಿ ಬರೆದರು: ನೀವು ಕನ್ನಡ ಮೇಷ್ಟರು, ಲೇಖನ ಬರೆಯುವುದು ಬಿಟ್ಟು ಪೆಟ್ಟಿಗೆ ಸರಿಸುತ್ತ ಕೂತಿದ್ದೀರಿ, ಇದರಿಂದ ಕನ್ನಡಕ್ಕೆ ಏನು ಬಂತು? ಅವರ ಮೇಲೆ ನನಗೆ ಗೌರವವಿತ್ತು. ಅದಕ್ಕೇ ಆ ಮಾತು ಆಳಕ್ಕೆ ಇಳಿಯಿತು. ಹಲವು ವಾರ ನಾನು ಲಾಗಿನ್ ಆಗಲಿಲ್ಲ.

ಮತ್ತೆ ಹೋಗಲು ಕಾರಣ ಲ್ಯಾಬಿನ ಆ ಪರದೆಯೇ. ಆಮೇಲಿನ ಸೆಮಿನಾರಿನ ಮಕ್ಕಳೂ ಅದೇ ಯಂತ್ರಗಳ ಮುಂದೆ ಕೂತರು, ಅದೇ ಮಾತು ಹೇಳಿದರು. ಆ ಹಿರಿಯರಿಗೆ ಉತ್ತರ ಬರೆದೆ. ಅವರ ಲೇಖನವನ್ನೇ ಎಕ್ಸ್‌ಪ್ಲೋರರಿನಲ್ಲಿ ತೆರೆದು, ಪರದೆಯ ಚಿತ್ರ ತೆಗೆದು, ಚರ್ಚೆಯ ಪುಟದಲ್ಲಿ ಹಾಕಿದೆ: ನೀವು ಬರೆದದ್ದು ನಮ್ಮ ಹುಡುಗಿಗೆ ಹೀಗೆ ಕಾಣುತ್ತದೆ, ನಾಲ್ಕನೇ ಪ್ಯಾರಾ ಅವಳಿಗೆ ಇಲ್ಲ. ಅವರು ಮಾರನೆಯ ದಿನವೇ ಬರೆದರು. ಹೀಗಾಗುತ್ತಿತ್ತೆಂದು ತಮಗೆ ತಿಳಿದೇ ಇರಲಿಲ್ಲ, ತಮ್ಮ ಯಂತ್ರದಲ್ಲಿ ಎಲ್ಲವೂ ಸರಿ ಇತ್ತು ಎಂದರು. ಅಲ್ಲಿಂದ ಮುಂದೆ ನನ್ನ ಪರವಾಗಿ ಅರಳಿ ಕಟ್ಟೆಯಲ್ಲಿ ವಾದ ಮಾಡಿದವರು ಅವರೇ. ವಿಕಿಯಲ್ಲಿ ಸಮುದಾಯದ ಮಾತುಕತೆ ನಡೆಯುವ ಪುಟಕ್ಕೆ ಅರಳಿ ಕಟ್ಟೆ ಎಂದೇ ಹೆಸರು. ವಿನ್ಯಾಸದ ಜಗಳಗಳಲ್ಲಿ ನೂರು ಮಾತಿಗಿಂತ ಪರದೆಯ ಒಂದು ಚಿತ್ರ ಹೆಚ್ಚು ಕೆಲಸ ಮಾಡುತ್ತದೆ ಎಂಬುದನ್ನು ನಾನು ಕಲಿತದ್ದು ಹೀಗೆ.

ಅರಳಿ ಕಟ್ಟೆಯಲ್ಲಿ ನಾನು ಕೇಳಿಕೊಂಡದ್ದು ಒಂದೇ. ಪ್ರತಿ ಪುಟದಲ್ಲೂ ಪೆಟ್ಟಿಗೆಯ ಬಣ್ಣ, ಅಳತೆ, ಅಂಚನ್ನು ಬರೆದಿಡುವುದು ಬೇಡ. ಇಡೀ ತಾಣಕ್ಕೆ ಒಂದೇ ಕಡೆ ಇರುವ ಶೈಲಿಪುಟದಲ್ಲಿ, ಎಂದರೆ ‘ಕಾಮನ್ ಸಿಎಸ್‌ಎಸ್’ನಲ್ಲಿ, ಬರೆಯೋಣ. ಪುಟದ ಒಳಗೆ ಬರೆದ ಶೈಲಿಯಲ್ಲಿ ಇದು ಎಕ್ಸ್‌ಪ್ಲೋರರ್ 6ಕ್ಕೆ ಮಾತ್ರ ಎಂದು ಅಚ್ಚುಕಟ್ಟಾಗಿ ಬೇರೆ ಮಾಡಲು ಬರುವುದಿಲ್ಲ. ಶೈಲಿಪುಟದಲ್ಲಿ ಬರುತ್ತದೆ; 6 ಮತ್ತು ಅದಕ್ಕಿಂತ ಹಳೆಯ ಎಕ್ಸ್‌ಪ್ಲೋರರ್‌ಗಳು ಮಾತ್ರ ಓದುವ ಒಂದು ಬರವಣಿಗೆಯ ಕ್ರಮ ಇತ್ತು, ಉಳಿದ ಬ್ರೌಸರುಗಳು ಅದನ್ನು ದಾಟಿ ಹೋಗುತ್ತಿದ್ದವು. ಅಲ್ಲಿ ಬರೆದರೆ ಒಬ್ಬರ ಪರಿಹಾರ ಇನ್ನೊಬ್ಬರ ಕಣ್ಣಿಗೆ ಬೀಳುವುದೇ ಇಲ್ಲ, ರದ್ದು ಮಾಡುವ ಜಗಳವೂ ಇಲ್ಲ. ವಿಕಿಯನ್ನು ನಡೆಸುವ ಮೀಡಿಯವಿಕಿ ತಂತ್ರಾಂಶದವರೂ ತಾಣದ ಹೊರನೋಟವಾದ ತಮ್ಮ ಮೋನೋಬುಕ್ ಹೊದಿಕೆಗೆ ಎಕ್ಸ್‌ಪ್ಲೋರರಿನ ಒಂದೊಂದು ಆವೃತ್ತಿಗೂ ಒಂದೊಂದು ತಿದ್ದುಪಡಿ ಕಡತ ಇಟ್ಟಿದ್ದರು, ದಾರಿ ಹೊಸದೇನಲ್ಲ. ಆದರೆ ಆ ಶೈಲಿಪುಟವನ್ನು ಆಗ ನಿರ್ವಾಹಕರು ಮಾತ್ರ ತಿದ್ದಬಹುದಿತ್ತು. ಅವರೂ ನಮ್ಮಂತೆ ಬಿಡುವಿನಲ್ಲಿ ಕೆಲಸ ಮಾಡುವವರು. ಕೋರಿಕೆ ಬರೆದು, ಕಾದು, ನೆನಪಿಸಿ, ಮತ್ತೆ ಕಾಯಬೇಕಿತ್ತು.

ಶೈಲಿಪುಟ ತಿದ್ದಿದ ಮೇಲೂ ನೆಮ್ಮದಿ ಇರಲಿಲ್ಲ. ಒಮ್ಮೆ ಇಳಿಸಿಕೊಂಡ ಶೈಲಿಪುಟವನ್ನು ಬ್ರೌಸರ್ ಬಚ್ಚಿಟ್ಟುಕೊಳ್ಳುತ್ತದೆ. ಆಗಿನ ವ್ಯವಸ್ಥೆಯಲ್ಲಿ ಆ ಹಳೆಯ ಪ್ರತಿ ತಿಂಗಳವರೆಗೂ ಉಳಿಯಬಹುದಿತ್ತು. ನಾನು ಸರಿಯಾಯಿತು ಎನ್ನುತ್ತಿದ್ದೆ, ಇನ್ನೊಬ್ಬರು ಇನ್ನೂ ಕೆಟ್ಟೇ ಇದೆ ಎನ್ನುತ್ತಿದ್ದರು. ಕಂಟ್ರೋಲ್ ಗುಂಡಿಯ ಜೊತೆ ಎಫ್5 ಒತ್ತಿ ಎಂದು ಒಬ್ಬೊಬ್ಬರಿಗೂ ಹೇಳಬೇಕಾಗುತ್ತಿತ್ತು.

ಫೈರ್‌ಫಾಕ್ಸ್ ತೊಂದರೆಯನ್ನೇ ಕೊಡಲಿಲ್ಲ ಎಂದಲ್ಲ. ಅದರ 2ನೇ ಆವೃತ್ತಿಯಲ್ಲಿ ಪ್ಯಾರಾವನ್ನು ಎರಡೂ ಅಂಚಿಗೆ ಸಮನಾಗಿ ಎಳೆದರೆ ಅಕ್ಷರಗಳು ಬಿಡಿಬಿಡಿಯಾಗಿ, ಒತ್ತು ಒಂದು ಕಡೆ, ಕೊಂಬು ಒಂದು ಕಡೆ ಆಗುತ್ತಿತ್ತು. ಇದು ಭಾರತದ ಭಾಷೆಗಳಿಗೆಲ್ಲ ಇದ್ದ ಕಷ್ಟ; ತಮಿಳು, ಹಿಂದಿ ಬರೆಯುವವರೂ ಇದೇ ಗೋಳು ತೋಡಿಕೊಳ್ಳುತ್ತಿದ್ದರು. ಪತ್ರಿಕೆಯಲ್ಲಿ ಕಂಡಂತೆ ಅಂಚು ನೇರವಾಗಿರಲಿ ಎಂಬ ಆಸೆ ನಮ್ಮವರಲ್ಲಿ ಅನೇಕರಿಗೆ ಇತ್ತು. ಅಂಥ ಪುಟಗಳನ್ನು ಹುಡುಕಿ ಹುಡುಕಿ ಆ ಸೂಚನೆ ತೆಗೆದೆ. 2008ರ ಜೂನಿನಲ್ಲಿ ಬಂದ 3ನೇ ಆವೃತ್ತಿಯಲ್ಲಿ ಅದು ಸರಿಯಾಗಿತ್ತು, ಆದರೆ ಹೊಸ ಆವೃತ್ತಿ ಎಲ್ಲರ ಯಂತ್ರಕ್ಕೆ ಬರಲು ಕಾಲ ಹಿಡಿಯಿತು. ಇನ್ನೊಂದು, ಬಲಬದಿಗೆ ಸಾಲಾಗಿ ಚಿತ್ರಗಳಿದ್ದರೆ ಪ್ರತಿ ವಿಭಾಗದ ‘ಸಂಪಾದಿಸಿ’ ಕೊಂಡಿಗಳೆಲ್ಲ ಕೆಳಗಿಳಿದು ಒಂದೇ ಕಡೆ ಗುಂಪುಗೂಡುತ್ತಿದ್ದವು. ಮೊದಲು ಬಂದ ತೇಲುವ ಪೆಟ್ಟಿಗೆಗಿಂತ ಆಮೇಲೆ ಬಂದದ್ದು ಮೇಲೆ ನಿಲ್ಲಬಾರದೆಂಬುದು ನಿಯಮ. ಕೊಂಡಿಯೂ ಆಗ ಬಲಕ್ಕೆ ತೇಲುತ್ತಿತ್ತು. ಹೊಸಬರು ಒಂದು ವಿಭಾಗ ತಿದ್ದಲು ಹೋಗಿ ಇನ್ನೊಂದನ್ನು ತೆರೆಯುತ್ತಿದ್ದರು. ಚಿತ್ರಗಳನ್ನೆಲ್ಲ ಒಂದೇ ಪೆಟ್ಟಿಗೆಯೊಳಗೆ ಸೇರಿಸಿ ಇದನ್ನು ಬಿಡಿಸುತ್ತಿದ್ದೆವು. 2013ರಲ್ಲಿ ಆ ಕೊಂಡಿ ತಲೆಬರಹದ ಪಕ್ಕಕ್ಕೇ ಬಂದ ಮೇಲೆ ಈ ಕಾಟ ತೀರಿತು.

ಅಂಕಣಗಳಿಗೆ ನಾನು ಕೊನೆಗೆ ಆರಿಸಿಕೊಂಡದ್ದು ಟೇಬಲ್. ವಿನ್ಯಾಸಕ್ಕೆ ಟೇಬಲ್ ಬಳಸಬಾರದೆಂದು ತಿಳಿದವರು ಬುದ್ಧಿ ಹೇಳಿದರು. ಅವರ ಮಾತು ಶಾಸ್ತ್ರಕ್ಕೆ ಸರಿ. ಆದರೆ ಎಕ್ಸ್‌ಪ್ಲೋರರ್ 6, 7, ಫೈರ್‌ಫಾಕ್ಸ್, ಒಪೆರಾ ನಾಲ್ಕರಲ್ಲೂ ಬೀಳದೆ, ಎತ್ತರವನ್ನು ತಾನೇ ಹೊಂದಿಸಿಕೊಂಡು ನಿಂತದ್ದು ಅದೊಂದೇ. ಲ್ಯಾಬಿನ ಮಕ್ಕಳಿಗೆ ಓದಲು ಬರುವುದು ನನಗೆ ಮುಖ್ಯವಾಗಿತ್ತು. ಮತ್ತೆ ಎಲ್ಲಿಯೂ ಎತ್ತರವನ್ನು ಪಿಕ್ಸೆಲ್ಲಿನಲ್ಲಿ ಬರೆಯಲೇ ಇಲ್ಲ. ತಲೆಬರಹದ ಪಟ್ಟಿಗಳ ಎತ್ತರ ತೆಗೆದು, ಮೇಲೆ ಕೆಳಗೆ ಅಕ್ಷರದ ಅಳತೆಗೆ ತಕ್ಕಂತೆ ಜಾಗ ಬಿಟ್ಟೆ. ಅಕ್ಷರ ದೊಡ್ಡದಾದರೆ ಪಟ್ಟಿಯೂ ದೊಡ್ಡದಾಗಲಿ ಎಂದು. ಒತ್ತುಗಳು ಪೂರ್ತಿ ಕಾಣಿಸಿಕೊಂಡವು.

ಈ ವರ್ಷಗಳಲ್ಲಿ ಕಣ್ಣಿಗೆ ಕನ್ನಡಕ ಬಂತು, ಕುತ್ತಿಗೆ ನೋವು ಅಂಟಿಕೊಂಡಿತು. ಅಮ್ಮ ರಾತ್ರಿ ಎದ್ದು ಬಂದು ಇನ್ನೂ ಮಲಗಲಿಲ್ಲವೇನೇ ಎಂದು ಬಯ್ಯುತ್ತಿದ್ದರು. ಏನು ಮಾಡುತ್ತಿದ್ದೀಯೆಂದು ಕೇಳಿದರೆ ತೋರಿಸಲು ಏನೂ ಇರುತ್ತಿರಲಿಲ್ಲ. ಪುಟ ಮೊದಲೂ ಸರಿಯಾಗಿತ್ತು, ಈಗಲೂ ಸರಿಯಾಗಿದೆ, ಅಷ್ಟೇ ಅವರಿಗೆ ಕಾಣುವುದು. ಈ ಕೆಲಸದ ದುಃಖ ಅದು. ಸರಿಯಾದ ಮೇಲೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಆಮೇಲಿನದನ್ನು ಬೇಗ ಹೇಳುತ್ತೇನೆ. 2010ರಲ್ಲಿ ವಿಕಿಪೀಡಿಯದ ಹೊದಿಕೆ ಬದಲಾಗಿ ವೆಕ್ಟರ್ ಬಂತು, ಒಂದಷ್ಟು ಅಳತೆಗಳನ್ನು ಮತ್ತೆ ನೋಡಬೇಕಾಯಿತು. ಫಾಂಟನ್ನು ತಾಣವೇ ಕಳಿಸಿಕೊಡುವ ವ್ಯವಸ್ಥೆ ಬಂದ ಮೇಲೆ ಚೌಕಗಳ ಕಾಟ ಕಡಿಮೆಯಾಯಿತು. ಮೊಬೈಲಿನಲ್ಲಿ ಕನ್ನಡ ಮೂಡದ ದಿನಗಳಲ್ಲಿ ಒಪೆರಾ ಮಿನಿಯ ಒಳಸೆಟ್ಟಿಂಗಿನಲ್ಲಿ ಅಕ್ಷರಗಳನ್ನು ಚಿತ್ರವಾಗಿ ತರಿಸುವ ಆಯ್ಕೆ ಇತ್ತು. ನಮ್ಮ ಮಕ್ಕಳು ಅದನ್ನು ಒಬ್ಬರಿಂದೊಬ್ಬರು ಕಲಿತು ಓದುತ್ತಿದ್ದರು. 2012ರ ಆಂಡ್ರಾಯ್ಡ್ 4.1ರಿಂದ ಫೋನುಗಳಿಗೇ ಕನ್ನಡ ಬಂತು. ಆಗ ನಾನು ನಿಲ್ಲಿಸಿದ್ದ ಟೇಬಲ್ಲುಗಳೇ ಸಣ್ಣ ಪರದೆಗೆ ಅಡ್ಡಿಯಾದವು, ಅವನ್ನು ಬಿಡಿಸಿ ಒಂದರ ಕೆಳಗೊಂದು ಬರುವಂತೆ ಮಾಡುವ ಕೆಲಸ ಶುರುವಾಯಿತು. 2014ರ ಏಪ್ರಿಲ್ 8ಕ್ಕೆ ಎಕ್ಸ್‌ಪಿಗೆ ಅದರ ತಯಾರಕರ ಬೆಂಬಲ ನಿಂತಿತು. 2015ರಲ್ಲಿ ವಿಕಿಪೀಡಿಯ ಪೂರ್ತಿಯಾಗಿ ಸುರಕ್ಷಿತ ಸಂಪರ್ಕಕ್ಕೆ ಬಂದಿತು. ಎಕ್ಸ್‌ಪ್ಲೋರರ್ 6ರಲ್ಲಿ ವಿಕಿ ತೆರೆಯುವ ಕಾಲ ಅಲ್ಲಿಗೆ ಬಹುಮಟ್ಟಿಗೆ ಮುಗಿಯಿತು. ನಮ್ಮ ಕಾಲೇಜಿನ ಲ್ಯಾಬಿಗೂ ಅಷ್ಟರಲ್ಲಿ ಹೊಸ ಯಂತ್ರಗಳು ಬಂದಿದ್ದವು.

2018 ಮಾತ್ರ ಮತ್ತೆ ಕಾಡಿತು. ಅಲ್ಲಿಯವರೆಗೆ ನಾವು ಮುಚ್ಚದೆ ಬಿಟ್ಟ ಟ್ಯಾಗುಗಳನ್ನು ಟೈಡಿ ಎಂಬ ತಂತ್ರಾಂಶ ಹಿಂದಿನಿಂದ ಸದ್ದಿಲ್ಲದೆ ಸರಿಮಾಡುತ್ತಿತ್ತು. ಆ ವರ್ಷದ ಜುಲೈ ಹೊತ್ತಿಗೆ ವಿಕಿಗಳೆಲ್ಲ ಅದನ್ನು ಬಿಟ್ಟು ಇಂದಿನ ಬ್ರೌಸರುಗಳ ನಿಯಮವನ್ನೇ ಪಾಲಿಸುವ ರೆಮೆಕ್ಸ್‌ಗೆ ಹೋದವು. ಎಂದೋ ಯಾರೋ ಸಣ್ಣಕ್ಷರಕ್ಕೆಂದು ತೆರೆದು ಮುಚ್ಚದೇ ಬಿಟ್ಟ ಟ್ಯಾಗಿನಿಂದ ಪುಟದ ಕೊನೆಯವರೆಗೂ ಅಕ್ಷರ ಸಣ್ಣದಾಯಿತು. ಅಂಥ ದೋಷಗಳ ಪಟ್ಟಿ ಕೊಡುವ ವಿಶೇಷ ಪುಟ ಇದ್ದದ್ದು ಪುಣ್ಯ. ಈ ಸಲ ನಾನು ಒಬ್ಬಳೇ ಇರಲಿಲ್ಲ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಜೊತೆಗಿದ್ದರು. ಅದೇ ವರ್ಷ ತಾಣದ ಶೈಲಿಪುಟ ತಿದ್ದುವ ಅಧಿಕಾರವನ್ನು ಸಾಮಾನ್ಯ ನಿರ್ವಾಹಕರಿಂದ ತೆಗೆದು ಬೇರೆಯೇ ಒಂದು ಗುಂಪಿಗೆ ಕೊಟ್ಟರು. ಭದ್ರತೆಗೆ ಅದು ಬೇಕಾದದ್ದೇ. ಸಣ್ಣ ಸಮುದಾಯಗಳಿಗೆ ಅಂಥ ಕೈಗಳು ಇನ್ನೂ ಕಡಿಮೆಯಾದದ್ದೂ ನಿಜ.

ಇಂದು ಬ್ರೌಸರುಗಳ ನಡುವಿನ ಅಂತರ ಬಹಳ ಕಿರಿದಾಗಿದೆ. ಆದರೂ ಹೊಸ ಟೆಂಪ್ಲೇಟು ಬಂದಾಗಲೆಲ್ಲ ನಾನು ಮೊದಲು ನೋಡುವುದು ಎತ್ತರವನ್ನು ಪಿಕ್ಸೆಲ್ಲಿನಲ್ಲಿ ಬರೆದಿದ್ದಾರೆಯೇ ಎಂದು. ಅನೇಕ ಸಲ ಬರೆದಿರುತ್ತದೆ. ಇಂಗ್ಲಿಷಿನಿಂದ ತರುವವರು ಒಂದು ಪರೀಕ್ಷೆ ಮಾಡಿ: ತಲೆಬರಹದ ಜಾಗದಲ್ಲಿ ‘ಸ್ವಾತಂತ್ರ್ಯ’ ಎಂದು, ಕಿರಿದಾದ ಅಂಕಣದಲ್ಲಿ ‘ವಿಧಾನಸಭಾಕ್ಷೇತ್ರಗಳು’ ಎಂದು ಬರೆದು, ಒಂದು ಹಳೆಯ ಫೋನಿನಲ್ಲೂ ತೆರೆದು ನೋಡಿ, ಆಮೇಲೆ ಉಳಿಸಿ.

ಓದುವವರಲ್ಲಿ ಒಂದು ಕೋರಿಕೆ. ಕನ್ನಡ ಪುಟ ಕೆಟ್ಟು ಕಂಡರೆ, ಕನ್ನಡ ಇರುವುದೇ ಹೀಗೆ ಎಂದುಕೊಂಡು ಮುಚ್ಚಿಬಿಡಬೇಡಿ. ಪರದೆಯ ಚಿತ್ರ ತೆಗೆಯಿರಿ. ಯಾವ ಪುಟ, ಯಾವ ಬ್ರೌಸರ್, ಅದರ ಎಷ್ಟನೇ ಆವೃತ್ತಿ, ಫೋನೋ ಕಂಪ್ಯೂಟರೋ, ಇಷ್ಟನ್ನು ಅರಳಿ ಕಟ್ಟೆಯಲ್ಲೋ ಆ ಲೇಖನದ ಚರ್ಚೆಯ ಪುಟದಲ್ಲೋ ಬರೆಯಿರಿ. ಸರಿಪಡಿಸಲು ನಿಮಗೆ ಬಾರದಿದ್ದರೂ ಪರವಾಗಿಲ್ಲ. ನಿಮ್ಮ ಪರದೆಯಲ್ಲಿ ಕಂಡದ್ದು ನಮಗೆ ಗೊತ್ತಾಗುವುದು ನೀವು ಹೇಳಿದರೆ ಮಾತ್ರ.